ಊರಿನ ಹಾಡಿಗೆ ಊರೇ ಕಿವಿ

ಕಲೆಯ ವಿಚಾರ ಬಂದಾಗಲೆಲ್ಲ ನಾವು ಕಲಾವಿದನನ್ನು ಕುರಿತೇ ಮಾತನಾಡುತ್ತೇವೆ. ಆತನ ಕಂಠಮಾಧುರ್ಯ, ಆತನ ಸಾಧನೆ, ಆತನಿಗೆ ದೊರೆತ ಬಿರುದು-ಬಾವಲಿಗಳು ನಮ್ಮ ಮಾತಿಗೆ ವಸ್ತುವಾಗುತ್ತವೆ. ಎದುರಿಗೆ ಕುಳಿತು ಕೇಳಿದವನ ಪ್ರಸ್ತಾಪ ಮಾತ್ರ ಬರುವುದೇ ಇಲ್ಲ. ನಮ್ಮ ಪ್ರಾಚೀನ ಲಾಕ್ಷಣಿಕರು ಹೀಗೆ ಕೇಳುಗನನ್ನು ಮರೆತವರಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ನಿರೂಪಿಸುವುದಕ್ಕೆಂದೇ ಒಂದು ಅಧ್ಯಾಯವಿದ್ದು, ಅಲ್ಲಿ ಪ್ರೇಕ್ಷಕನ ಲಕ್ಷಣಗಳೂ ನಿರೂಪಿತವಾಗಿವೆ. ಪ್ರೇಕ್ಷಕನ ಮುಗುಳುನಗೆ, ತಾನಾಗಿ ಬಾಯಿಂದ ಹೊರಟ ‘ಸಾಧು’ ಎಂಬ ಉದ್ಗಾರ, ಮೈಯ ರೋಮಾಂಚ, ಕುಳಿತಲ್ಲಿಂದ ಎದ್ದು ನಿಲ್ಲುವುದು, ಮೈಮೇಲಿನ ವಸ್ತ್ರವನ್ನೇ ತೆಗೆದುಕೊಡುವುದು, ಇವೆಲ್ಲ ಅಲ್ಲಿ ಮಾನುಷೀ ಸಿದ್ಧಿಯ ಕುರುಹುಗಳು. ಮುಂದೆ ಆನಂದವರ್ಧನ, ಅಭಿನವಗುಪ್ತರು ಇಂತಹ ರಸಿಕನನ್ನು ಸಹೃದಯನೆಂದು ಕರೆದು, ಅವನ ಹೃದಯದಲ್ಲಿಯೇ ಕಾವ್ಯದ ಸಾರ್ಥಕ್ಯವನ್ನು ಕಂಡರು. ಇದರ ತಾತ್ಪರ್ಯವಿಷ್ಟೆ: ಹಾಡುವುದು ಹೇಗೆ ಒಂದು ವಿದ್ಯೆಯೋ, ಕೇಳಿ ಸವಿಯುವುದೂ ಹಾಗೆಯೇ ಒಂದು ವಿದ್ಯೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಮ್ಮ ಈ ಸೀಮೆಯಲ್ಲಿ ಹಾಡುವವರಿಗೆ ಕೊರತೆಯಿಲ್ಲ. ಇಂದು ಕೊರತೆ ಬಂದಿರುವುದು ಈ ಎರಡನೆಯ ವಿದ್ಯೆಗೆ ಎಂಬುದು ನನ್ನ ಅಭಿಪ್ರಾಯ.

ಈ ಮಾತನ್ನು ಆಡಿದೊಡನೆಯೇ ಆಕ್ಷೇಪ ಬರುತ್ತದೆ. ‘ನಮ್ಮ ಕಡೆ ಏನಿದೆ ಪಂಡಿತರೆ? ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಭತ್ತ ಬಂತು, ಹಟ್ಟಿಯ ಗಣಿಯಲ್ಲಿ ಚಿನ್ನ ಸಿಗುತ್ತದೆ. ಸಂಗೀತ ಬೇಕೆಂದರೆ ಧಾರವಾಡಕ್ಕೆ ಹೋಗಬೇಕು, ಚಿತ್ರ ನೋಡಬೇಕೆಂದರೆ ಬೆಂಗಳೂರಿಗೆ ಹೋಗಬೇಕು’ ಎನ್ನುವ ಹಿರಿಯರಿದ್ದಾರೆ. ಆ ಮಾತನ್ನು ಹಾಗೆಯೇ ನಂಬಿಕೊಂಡ ಕಿರಿಯರೂ ಇದ್ದಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಂತಹವರನ್ನು ಕಂಡೇ ಹುಟ್ಟಿರಬೇಕು. ಆದ್ದರಿಂದ ಮೊದಲು ಹಿತ್ತಲಿನಲ್ಲಿ ಏನೇನು ಬೆಳೆದಿದೆಯೆಂಬುದನ್ನು ಒಮ್ಮೆ ನೋಡಿ ಬರುವುದು ಒಳ್ಳೆಯದು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳುನಾಡನ್ನು ಗುರುತಿಸುವಾಗ ಕೊಪಣನಗರವನ್ನು, ಎಂದರೆ ನಮ್ಮ ನೆರೆಯ ಕೊಪ್ಪಳವನ್ನು, ಹೆಸರಿಸುತ್ತದೆ. ಓದುಬರೆಹದ ಪರಿಶ್ರಮವಿಲ್ಲದವರೂ ಈ ನಾಡಿನಲ್ಲಿ ಕಾವ್ಯಪ್ರಯೋಗದ ಮರ್ಮವನ್ನು ಬಲ್ಲರೆಂದು ಮೆಚ್ಚಿದ ಗ್ರಂಥವೂ ಅದೇ. ಅದು ಬರಿಯ ಉಪಚಾರದ ನುಡಿಯಲ್ಲ. ಹದಿನೆಂಟನೆಯ ಶತಮಾನದಲ್ಲಿ ದಾಸಸಾಹಿತ್ಯವು ಮತ್ತೆ ಚಿಗುರಿದುದು ಈ ರಾಯಚೂರು ಸೀಮೆಯಲ್ಲಿ. ಚೀಕಲಪರ್ವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಲಿಂಗಸುಗೂರಿನ ಪ್ರಾಣೇಶದಾಸರು ಎಲ್ಲರೂ ಈ ನೆಲದವರೇ. ಅವರಿಗೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋಗಿ ವಚನಕಾರರಾದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಊರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಸಿದ್ಧಪರ್ವತವು ಶ್ರೀದೇವಿ ಪುರಾಣವನ್ನು ರಚಿಸಿದ ಚಿದಾನಂದಾವಧೂತರ ತಪೋಭೂಮಿ. ನವರಾತ್ರಿ ಬಂದರೆ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ, ಗುಡಿಗಳಲ್ಲಿ ಆ ಷಟ್ಪದಿಗಳು ಇಂದಿಗೂ ರಾಗವಾಗಿ ಕೇಳಿಬರುತ್ತವೆ. ಇದೇ ನವರಾತ್ರಿಯ ದಿನಗಳಲ್ಲಿ, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದು ಸಿಂಧನೂರಿನ ಬಳಿ ನೆಲೆಸಿದ ಬಂಗಾಳಿ ಕುಟುಂಬಗಳು ತಮ್ಮ ಕ್ಯಾಂಪುಗಳಲ್ಲಿ ದುರ್ಗಾಪೂಜೆಯನ್ನು ನಡೆಸುತ್ತವೆ. ಒಂದೇ ತಾಲ್ಲೂಕಿನಲ್ಲಿ ಒಬ್ಬಳೇ ದೇವಿಯನ್ನು ಎರಡು ನುಡಿಗಳಲ್ಲಿ ಹಾಡುತ್ತಾರೆ. ಕೆಲವೇ ಮೈಲಿಗಳ ಅಂತರದ ಈ ಎರಡನ್ನೂ ಒಂದೇ ವಾರದಲ್ಲಿ ಕೇಳಿ ಬಂದವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಕೋಟೆಯನ್ನು ಇತಿಹಾಸದ ಪಾಠದಲ್ಲಿ ಓದುತ್ತೇವೆ. ಆದರೆ ಆ ಊರು ಜನರ ನಾಲಿಗೆಯ ಮೇಲಿರುವುದು ಮೊಹರಮ್ಮಿನಿಂದ. ಕ್ರಿ.ಶ. ೬೮೦ರಲ್ಲಿ ಕರ್ಬಲಾದ ಮರಳುಗಾಡಿನಲ್ಲಿ ನಡೆದ ಹುತಾತ್ಮರ ಕಥೆಯನ್ನು ನಮ್ಮ ಹಳ್ಳಿಗಳಲ್ಲಿ ಅಚ್ಚಗನ್ನಡದ ರಿವಾಯತ್ ಪದಗಳಲ್ಲಿ ಹಾಡಲಾಗುತ್ತದೆ. ಹಾಡುವವರಲ್ಲಿ ಮುಸಲ್ಮಾನರಂತೆ ಹಿಂದೂಗಳೂ ಇರುತ್ತಾರೆ; ಹಲಗೆಯ ಪೆಟ್ಟಿಗೆ ಅಲಾಯಿ ಕುಣಿಯ ಸುತ್ತ ಹೆಜ್ಜೆಹಾಕುವವರಿಗೆ ಜಾತಿಯ ಗುರುತಿಲ್ಲ. ಶಿಶುನಾಳ ಶರೀಫರೂ ಇಂತಹ ಪದಗಳನ್ನು ಕಟ್ಟಿದ್ದಾರೆ. ರಹಮತ್ ತರೀಕೆರೆಯವರು ‘ಕರ್ನಾಟಕದ ಮೊಹರಂ’ ಎಂಬ ಗ್ರಂಥವನ್ನೇ ಬರೆದು ಈ ಆಚರಣೆಯ ವಿಸ್ತಾರವನ್ನು ತೋರಿಸಿಕೊಟ್ಟಿದ್ದಾರೆ. ಅಲಂಕಾರಶಾಸ್ತ್ರವನ್ನು ಓದಿದ ನಮ್ಮಂತಹವರು ಕರುಣರಸಕ್ಕೆ ಉದಾಹರಣೆ ಕೊಡಬೇಕಾದಾಗ ಉತ್ತರರಾಮಚರಿತದ ಕಡೆಗೆ ಕೈ ಚಾಚುತ್ತೇವೆ. ಅದು ಸರಿಯೇ. ಆದರೆ ಬಂಧುಗಳನ್ನು ಕಳೆದುಕೊಂಡು ನೀರಿಗಾಗಿ ಹಂಬಲಿಸುವವರ ಕಥೆಯನ್ನು ಎರಡು ಸಾಲಾಗಿ ನಿಂತ ಹುಡುಗರು ಒಬ್ಬರ ಸೊಲ್ಲನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತ ಹಾಡುವಾಗ, ಸುತ್ತ ನೆರೆದ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರಸಿಕೊಳ್ಳುವುದೂ ಅದೇ ರಸವೇ. ಅದಕ್ಕೆ ಭವಭೂತಿಯ ಅಪ್ಪಣೆ ಬೇಕಿಲ್ಲ.

ಇನ್ನು ಶ್ರಾವಣಮಾಸ. ಮಠಗಳಲ್ಲಿ ಪುರಾಣ ಹಚ್ಚಿದರೆ ತಿಂಗಳುಗಟ್ಟಲೆ ಊರಿಗೆ ಊರೇ ಸಂಜೆಯ ದಾರಿ ಕಾಯುತ್ತದೆ. ಪ್ರವಚನಕಾರರ ಮಗ್ಗುಲಲ್ಲಿ ಪೇಟಿ ಹಿಡಿದು ಕುಳಿತ ಗವಾಯಿಗಳು, ಅವರ ಬಲಕ್ಕೆ ತಬಲಾ ವಾದಕರು. ಕಥೆ ಒಂದು ತಿರುವಿಗೆ ಬಂದು ನಿಂತಾಗ ಗವಾಯಿಗಳು ಒಂದು ವಚನವನ್ನೋ ತತ್ತ್ವಪದವನ್ನೋ ಎತ್ತಿಕೊಂಡು, ಮಾತಿನಲ್ಲಿ ಆಗದ ಕೆಲಸವನ್ನು ಸ್ವರದಲ್ಲಿ ಮುಗಿಸುತ್ತಾರೆ. ಇಂತಹ ಎಷ್ಟೋ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು (೧೮೯೨–೧೯೪೪) ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (೧೯೧೪–೨೦೧೦) ಅಂಧರಿಗೂ ಅನಾಥರಿಗೂ ಅನ್ನವನ್ನೂ ನಾದವನ್ನೂ ಒಟ್ಟಿಗೆ ಉಣಿಸಿದ ಆ ಆಶ್ರಮದ ಫಲವನ್ನು ಗದುಗಿಗಿಂತ ಹೆಚ್ಚಾಗಿ ನಮ್ಮಂತಹ ದೂರದ ಊರುಗಳು ಉಂಡಿವೆ. ಹಿಂದೂಸ್ತಾನಿ ರಾಗಗಳ ಪರಿಚಯ ನಮ್ಮ ರೈತರಿಗೆ ಆದದ್ದು ಯಾವ ಸಂಗೀತಸಭೆಯಿಂದಲೂ ಅಲ್ಲ, ಈ ಪುರಾಣದ ಕಟ್ಟೆಗಳಿಂದ. ರಾಗದ ಹೆಸರು ತಿಳಿಯದ ಅಜ್ಜ ಕೂಡ ಸ್ವರ ಜಾರಿದರೆ ತಲೆಯೆತ್ತಿ ನೋಡುತ್ತಾನೆ. ಕವಿರಾಜಮಾರ್ಗಕಾರ ಮೆಚ್ಚಿದ ಜಾಣ್ಮೆ ಇದೇ.

ನಿಜಾಮನ ಆಳ್ವಿಕೆ ೧೯೪೮ರಲ್ಲಿ ಮುಗಿಯುವವರೆಗೆ ಈ ಪ್ರಾಂತದ ಶಾಲೆಗಳಲ್ಲಿ ಉರ್ದುವಿನದೇ ಮೇಲುಗೈ. ಅದರಿಂದ ಕನ್ನಡಕ್ಕೆ ಕಷ್ಟವಾಯಿತೆಂಬುದು ನಿಜ. ಆದರೆ ಆ ಕಷ್ಟದಲ್ಲಿಯೂ ಒಂದು ಲಾಭವನ್ನು ಕಂಡುಕೊಂಡವರು ರಾಯಚೂರಿನ ಶಾಂತರಸರು (೧೯೨೪–೨೦೦೮). ಉರ್ದು ಗಜಲಿನ ಬನಿಯನ್ನು ಅರಿತು, ಅದನ್ನು ಕನ್ನಡದ ಮೈಗೆ ಒಗ್ಗಿಸಿದರು. ಅವರ ಮಗಳು ಎಚ್.ಎಸ್. ಮುಕ್ತಾಯಕ್ಕನವರು ಆ ದಾರಿಯನ್ನು ಮುಂದುವರಿಸಿದರು. ಇಂದು ಕನ್ನಡದಲ್ಲಿ ಗಜಲ್ ಎಂಬ ಪ್ರಕಾರಕ್ಕೆ ಒಂದು ತವರಿದ್ದರೆ ಅದು ಈ ಬಿಸಿಲಸೀಮೆ. ಬೆಂಗಳೂರು ನಮಗೆ ಕಲಿಸಿದ್ದಲ್ಲ ಇದು. ನಾವು ಕನ್ನಡಕ್ಕೆ ಕೊಟ್ಟದ್ದು.

ಬೆಂಗಳೂರಿನ ಹೆಸರು ಬಂದದ್ದರಿಂದ ಒಂದು ಮಾತು. ಅಲ್ಲಿನ ತರುಣರು ಈಚಿನ ದಶಕಗಳಲ್ಲಿ ‘ಇಂಡೀ’ ಎಂದು ಕರೆಯುವ ಒಂದು ಸಂಗೀತವನ್ನು ಬೆಳೆಸಿದ್ದಾರೆ. ಚಲನಚಿತ್ರದ ಹಂಗಿಲ್ಲದೆ, ದೊಡ್ಡ ಕಂಪನಿಗಳ ಹಂಗಿಲ್ಲದೆ, ತಾವೇ ಹಾಡು ಕಟ್ಟಿ, ತಾವೇ ರಾಗ ಹಾಕಿ, ಚಿಕ್ಕ ಚಿಕ್ಕ ಸಭಾಂಗಣಗಳಲ್ಲಿ ಹಾಡುವ ತಂಡಗಳಿವೆ. ರಘು ದೀಕ್ಷಿತರಂತಹವರು ಶರೀಫರ ಪದಗಳನ್ನು ಗಿಟಾರಿನೊಂದಿಗೆ ಹಾಡಿ ಹೊರದೇಶಗಳವರೆಗೂ ಒಯ್ದಿದ್ದಾರೆ. ಕೇಳಲು ಬರುವ ತರುಣರು ಟಿಕೇಟು ಕೊಂಡು ಬರುತ್ತಾರೆ, ಹಾಡುಗಾರನ ಹೆಸರನ್ನು ಬಲ್ಲರು, ಹೊಸ ಹಾಡು ಯಾವುದು ಹಳೆಯದು ಯಾವುದು ಎಂದು ಚರ್ಚಿಸುತ್ತಾರೆ. ಇದು ಶ್ಲಾಘ್ಯವಾದುದೇ. ಆದರೆ ಹಂಗಿಲ್ಲದ ಹಾಡು ಎಂಬ ಕಲ್ಪನೆ ನಮಗೆ ಹೊಸದಲ್ಲ. ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಮೊದಲಾದ ಕಲಬುರಗಿ ಸೀಮೆಯ ತತ್ತ್ವಪದಕಾರರಿಗೆ ಯಾವ ಅರಸನ ಆಶ್ರಯವಿತ್ತು? ಅಚ್ಚಿನ ಮನೆಯ ಮುಖವನ್ನೂ ಕಾಣದೆ ಅವರ ಪದಗಳು ಏಕತಾರಿ, ದಮ್ಮಡಿ, ತಾಳಗಳ ಜೊತೆಗೆ ಹಳ್ಳಿಯಿಂದ ಹಳ್ಳಿಗೆ ನಡೆದುಬಂದವು. ಹಂಗಿಲ್ಲದ ಕಲೆಗೂ ಒಂದು ಹಂಗು ಮಾತ್ರ ತಪ್ಪಿದ್ದಲ್ಲ. ಅದು ಕೇಳುಗನ ಹಂಗು. ಬೆಂಗಳೂರಿನ ತಂಡಗಳಿಗೆ ಆ ಕೇಳುಗ ದೊರೆತಿದ್ದಾನೆ. ನಮ್ಮ ಭಜನಾಮೇಳಗಳಿಗೆ ಇದ್ದ ಕೇಳುಗನು ಎದ್ದು ಹೋಗುತ್ತಿದ್ದಾನೆ. ವ್ಯತ್ಯಾಸವಿರುವುದು ಇಲ್ಲಿ.

ಎದ್ದು ಎಲ್ಲಿಗೆ ಹೋಗುತ್ತಿದ್ದಾನೆ? ನಮ್ಮ ಜಾತ್ರೆಗಳ ಖರ್ಚಿನ ಪಟ್ಟಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ದೂರದ ಊರಿನಿಂದ ಕರೆಸಿದ ರಸಮಂಜರಿ ತಂಡಕ್ಕೆ, ಎದೆ ನಡುಗಿಸುವ ಡಿ.ಜೆ. ಪೆಟ್ಟಿಗೆಗಳಿಗೆ ಮುಂಗಡ ಕೊಟ್ಟು ತಾಂಬೂಲ ಹಿಡಿಯುತ್ತೇವೆ. ಊರಿನ ಭಜನಾಮೇಳಕ್ಕೆ ಮಾತ್ರ ‘ನಮ್ಮವರೇ ಅಲ್ಲವೆ, ಸೇವೆ ಮಾಡಲಿ’ ಎನ್ನುತ್ತೇವೆ. ಮೂರು ತಿಂಗಳು ತಾಲೀಮು ಮಾಡಿ ಸಾಮಾಜಿಕ ನಾಟಕ ಆಡುವ ಊರ ಹುಡುಗರು ಪರದೆಯ ಬಾಡಿಗೆಗೂ ಪೇಟಿ ಮಾಸ್ತರರ ಸಂಬಳಕ್ಕೂ ತಮ್ಮ ಕೈಯಿಂದಲೇ ಹಾಕಿಕೊಳ್ಳಬೇಕು. ಆ ಪರದೆಗಳಾದರೂ ಉಳಿದಿವೆಯೆ? ಅರಮನೆ, ಅರಣ್ಯ, ಬೀದಿಗಳನ್ನು ಬಟ್ಟೆಯ ಮೇಲೆ ಬರೆಯುತ್ತಿದ್ದ, ಅಂಗಡಿಗಳ ಹಲಗೆಗಳಿಗೆ ಅಕ್ಷರ ತಿದ್ದುತ್ತಿದ್ದ ಪೇಂಟರುಗಳ ಕುಂಚವನ್ನು ಫ್ಲೆಕ್ಸ್ ಯಂತ್ರ ಕಸಿದುಕೊಂಡಿತು. ಕಲಬುರಗಿಯ ಎಸ್.ಎಂ. ಪಂಡಿತರು ಸಿನಿಮಾ ಪೋಸ್ಟರುಗಳಿಂದ, ಕ್ಯಾಲೆಂಡರಿನ ದೇವತೆಗಳಿಂದ ದೇಶವಿಖ್ಯಾತರಾದರೆಂದು ಅಭಿಮಾನದಿಂದ ಹೇಳುವ ನಾವು, ನಮ್ಮ ಬೀದಿಯ ಪೇಂಟರನ ಕೈಬರೆಹದಲ್ಲಿ ಕಲೆಯಿತ್ತೆಂದು ಆತ ಕೆಲಸ ಬಿಟ್ಟ ಮೇಲೆ ತಿಳಿದುಕೊಂಡೆವು.

ಮೆಚ್ಚುಗೆಯೂ ನಮ್ಮಲ್ಲಿ ತಡವಾಗಿ, ದೂರದಿಂದ ಬರುತ್ತದೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ತೊಗಲುಗೊಂಬೆಯಾಟದಲ್ಲಿ ಒಂದು ಜೀವಮಾನವನ್ನೇ ಕಳೆದವರು. ೨೦೨೫ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ತೊಂಬತ್ತು ವರ್ಷ ದಾಟಿತ್ತು. ಆ ಹೆಸರನ್ನು ನಮ್ಮಲ್ಲಿ ಬಹಳ ಮಂದಿ ಮೊದಲು ಕೇಳಿದ್ದು ದೆಹಲಿಯ ವಾರ್ತೆಯಲ್ಲಿ. ರಾಯಚೂರಿನ ರಂಗಮಂದಿರಕ್ಕೆ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿದೆ. ಆ ಕಟ್ಟಡದಲ್ಲಿ ಬಹುಮಾನ ಪಡೆದು ಬಂದ ವಿದ್ಯಾರ್ಥಿಗಳು ಎಷ್ಟೋ ಮಂದಿ. ಅವರು ಹಾಡಿದ ಒಂದು ವಚನವನ್ನಾದರೂ ಕೇಳಿದವರು ಅವರಲ್ಲಿ ಎಷ್ಟು ಮಂದಿ? ಹೆಸರನ್ನು ಗೋಡೆಗೆ ಕೊಟ್ಟು ಸ್ವರವನ್ನು ಮರೆಯುವುದು ಗೌರವವಾಗಲಾರದು.

ಇಲ್ಲಿ ಶಾಲಿನ ವಿಚಾರವನ್ನು ಹೇಳಲೇಬೇಕು. ಭರತನ ಪ್ರೇಕ್ಷಕನು ಮೈಮೇಲಿನ ವಸ್ತ್ರವನ್ನು ಕೊಡುತ್ತಿದ್ದುದು ಕೇಳಿದ ಮೇಲೆ, ಮೈಮರೆತು. ನಾವು ಶಾಲು ಹೊದಿಸುವುದು ಕೇಳುವ ಮೊದಲು, ಛಾಯಾಚಿತ್ರಕ್ಕಾಗಿ. ಹೊದಿಸಿದವರು ವೇದಿಕೆಯಿಂದ ಇಳಿದು ಮುಂದಿನ ಸಮಾರಂಭಕ್ಕೆ ತೆರಳುತ್ತಾರೆ. ಕಲಾವಿದನು ಖಾಲಿ ಕುರ್ಚಿಗಳಿಗೆ ಹಾಡುತ್ತಾನೆ. ಬಸವಯುಗದ ಶರಣರು ಈ ವಿಷಯದಲ್ಲಿ ನಮಗಿಂತ ನೇರವಾಗಿದ್ದರು. ವೇಷ ಕಟ್ಟುತ್ತಿದ್ದ ಬಹುರೂಪಿ ಚೌಡಯ್ಯ, ಜನರನ್ನು ನಗಿಸುತ್ತಿದ್ದ ನಗೆಯ ಮಾರಿತಂದೆ, ಢಕ್ಕೆ ಬಾರಿಸುತ್ತಿದ್ದ ಢಕ್ಕೆಯ ಬೊಮ್ಮಣ್ಣ ಇವರೆಲ್ಲ ಅನುಭಾವಿಗಳ ಸಾಲಿನಲ್ಲಿ ಕುಳಿತವರು. ಅವರ ಆಟ-ಪಾಟಗಳು ಕಾಯಕವೆನಿಸಿದವು. ಕಾಯಕವೆಂದ ಮೇಲೆ ಅದಕ್ಕೆ ತಕ್ಕ ಕೂಲಿಯೂ ಸಲ್ಲಬೇಕು. ಕಲಾವಿದನಿಗೆ ಕೊಡುವ ಸಂಭಾವನೆ ದಾನವೂ ಅಲ್ಲ, ಉಪಕಾರವೂ ಅಲ್ಲ. ಆಯ್ದಕ್ಕಿ ಮಾರಯ್ಯನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದೇ ಸಂಕಟ.

ಹಾಗೆಂದು ಹೊಸದೆಲ್ಲ ಕೆಟ್ಟದ್ದೆಂದು ಹೇಳುವ ಗುಂಪಿಗೆ ನಾನು ಸೇರಿದವನಲ್ಲ. ಉತ್ತರ ಕರ್ನಾಟಕದ ಹಳ್ಳಿಯ ಹುಡುಗರು ತಾವೇ ಜಾನಪದ ಧಾಟಿಯ ಹಾಡುಗಳನ್ನು ಕಟ್ಟಿ, ಹಾಡಿ, ಯೂಟ್ಯೂಬಿನಲ್ಲಿ ಹಾಕುತ್ತಿದ್ದಾರೆ. ಅವುಗಳಲ್ಲಿ ಅಭಿರುಚಿಹೀನವಾದವು ಇವೆ, ಹೆಣ್ಣನ್ನು ಹಗುರವಾಗಿ ಕಾಣುವವೂ ಇವೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇವು ಯಾವ ನಿರ್ಮಾಪಕನ ಅಪ್ಪಣೆಯಿಂದಲೂ ಹುಟ್ಟಿದವಲ್ಲ. ಟ್ರ್ಯಾಕ್ಟರು ಹೊಡೆಯುವವನು, ಗಾರೆ ಕೆಲಸದವನು ತನ್ನ ಆಡುಮಾತಿನಲ್ಲಿಯೇ ಹಾಡು ಕಟ್ಟಬಲ್ಲೆನೆಂದು ಹೊರಟದ್ದು. ಆ ಧೈರ್ಯ ದೊಡ್ಡದು. ಅವನಿಗೆ ಇಲ್ಲದಿರುವುದು ‘ಈ ಸಾಲು ಚೆನ್ನಾಗಿದೆ, ಆ ಸಾಲು ಸೋತಿದೆ’ ಎಂದು ಹೇಳಬಲ್ಲ ಕೇಳುಗ. ತತ್ತ್ವಪದವನ್ನು ಕೇಳಿ ಬೆಳೆದ ಕಿವಿಯೊಂದು ಪಕ್ಕದಲ್ಲಿದ್ದರೆ ಅವನೂ ಪ್ರಾಸಕ್ಕಾಗಿ ಅರ್ಥವನ್ನು ಬಲಿಕೊಡುತ್ತಿರಲಿಲ್ಲ. ಬರಿಯ ಸಂಖ್ಯೆಯಿಂದ ಅಳೆಯುವ ಸಾವಿರ ಮಂದಿಗಿಂತ ತಿದ್ದಿ ಹೇಳುವ ಒಬ್ಬ ಸಹೃದಯನಿಂದ ಹಾಡಿಗೆ ಹೆಚ್ಚು ಹಿತವಾಗುತ್ತದೆ.

ಇಂತಹ ದೊಡ್ಡ ಕೆಲಸ ನಮ್ಮಂತಹ ಸಣ್ಣ ಊರುಗಳಿಂದ ಆದೀತೆ ಎಂದು ಕೆಲವರು ಕೇಳಬಹುದು. ಅವರಿಗೆ ಮಸ್ಕಿಯ ಬಂಡೆಯನ್ನು ತೋರಿಸಬೇಕು. ಚಿನ್ನವನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರು ೧೯೧೫ರಲ್ಲಿ ಗುರುತಿಸಿದ ಆ ಶಾಸನದಿಂದಲೇ ‘ದೇವಾನಾಂಪ್ರಿಯ’ನೆಂಬ ಅರಸ ಅಶೋಕನೆಂಬುದು ವಿದ್ವಾಂಸರಿಗೆ ಖಚಿತವಾಯಿತು. ಇಷ್ಟನ್ನು ನಮ್ಮ ಮಕ್ಕಳೆಲ್ಲ ಬಲ್ಲರು. ಆ ಶಾಸನದ ಒಳಗೆ ಏನಿದೆಯೆಂಬುದನ್ನು ಅಷ್ಟಾಗಿ ಬಲ್ಲವರಿಲ್ಲ. ಧರ್ಮದ ಫಲವು ದೊಡ್ಡವರಿಗೆ ಮಾತ್ರ ದಕ್ಕುವುದೆಂದು ಭಾವಿಸಬಾರದು, ಪ್ರಯತ್ನಶೀಲನಾದ ಸಾಮಾನ್ಯನಿಗೂ ಅದು ಸಾಧ್ಯ ಎಂಬುದೇ ಅದರ ಸಾರ. ಎರಡು ಸಾವಿರ ವರ್ಷಗಳಿಗೂ ಹಿಂದೆ ಸಾಮ್ರಾಟನೊಬ್ಬನು ನಮ್ಮ ಊರಿನ ಬಂಡೆಯ ಮೇಲೆ ಬರೆಸಿದ ಈ ಮಾತು ಕಲೆಗೂ ಸಲ್ಲುತ್ತದೆ. ರಸವು ನಗರವಾಸಿಗಳ ಸೊತ್ತಲ್ಲ.

ಹಾಗಾದರೆ ಶಾಲೆಗಳು ಮಾಡಬೇಕಾದುದೇನು? ನಾನು ಸೂಚಿಸುವುದು ನಾಲ್ಕೇ ಕೆಲಸ. ಮೊದಲನೆಯದು, ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಧ್ವನಿಮುದ್ರಿತ ಚಿತ್ರಗೀತೆಗಳಿಗೆ ಕುಣಿಯುವ ಕಾರ್ಯಕ್ರಮಗಳು ಇದ್ದೇ ಇರಲಿ. ಅವುಗಳ ನಡುವೆ ಒಂದು ಗಂಟೆಯನ್ನು ಈ ಮೂರು ತಾಲ್ಲೂಕುಗಳ ಒಬ್ಬ ಗಾಯಕನಿಗೆ ಅಥವಾ ಒಂದು ಮೇಳಕ್ಕೆ ಮೀಸಲಿಡಬೇಕು. ಎರಡನೆಯದು, ಆ ಕಲಾವಿದನಿಗೆ ಹೊರಗಿನವರಿಗೆ ಕೊಡುವಷ್ಟೇ ಸಂಭಾವನೆಯನ್ನು ಲಕೋಟೆಯಲ್ಲಿಟ್ಟು ಮೊದಲೇ ಕೊಡಬೇಕು. ಶಾಲು ಬೇಕಾದರೆ ಆಮೇಲೆ. ಮೂರನೆಯದು, ಎಂಟನೆಯ ತರಗತಿಯಿಂದ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ‘ಹಾಡಿನ ವಹಿ’ಯನ್ನು ಇಟ್ಟು, ತನ್ನ ಓಣಿಯಲ್ಲಿ ಕೇಳಿದ ಪದ, ಹಾಡಿದವರ ಹೆಸರು, ಪದದ ಕೊನೆಯ ಅಂಕಿತ, ಅದರ ಧಾಟಿ ಇವಿಷ್ಟನ್ನು ಬರೆದುಕೊಳ್ಳಬೇಕು. ಇದರಿಂದ ವ್ಯಾಕರಣವೂ ಕಲಿತಂತಾಯಿತು, ಊರೂ ಕಲಿತಂತಾಯಿತು. ಮಕ್ಕಳ ಕೈಯಲ್ಲಿರುವ ಫೋನು ಅಜ್ಜಿಯ ಬೀಸುವ ಪದವನ್ನು ಮುದ್ರಿಸಿಕೊಳ್ಳಲು ಬಂದರೆ ಆ ಯಂತ್ರಕ್ಕೂ ಸಾರ್ಥಕ್ಯ. ನಾಲ್ಕನೆಯದು ಎಲ್ಲಕ್ಕಿಂತ ಕಠಿಣ: ಗುರುಗಳು, ಪೋಷಕರು, ಅತಿಥಿಗಳು ಹಾಡು ಮುಗಿಯುವವರೆಗೆ ಕುಳಿತಿರಬೇಕು. ಹಿರಿಯರು ನಡುವೆ ಎದ್ದು ಹೋಗುವ ಸಭೆಯಲ್ಲಿ ಮಕ್ಕಳು ಕಲಿಯುವ ಪಾಠ ಎದ್ದು ಹೋಗುವುದೇ.

ಕುಳಿತವರಿಗೆ ಒಂದು ಸಣ್ಣ ಕೈಪಿಡಿಯೂ ಬೇಕಾದೀತು. ತತ್ತ್ವಪದವನ್ನು ಕೇಳುವಾಗ ಪಲ್ಲವಿಯಲ್ಲಿ ಬಂದ ಸಾಧಾರಣ ವಸ್ತು, ಅದು ಹೊಲವಾಗಲಿ, ತೇರಾಗಲಿ, ಹೆಂಡತಿಯಾಗಲಿ, ಕೊನೆಯ ನುಡಿಯ ಹೊತ್ತಿಗೆ ಏನಾಗಿ ನಿಂತಿತೆಂಬುದನ್ನು ಗಮನಿಸಬೇಕು. ಪದದ ಸವಿ ಆ ತಿರುವಿನಲ್ಲಿದೆ. ಪುರಾಣದಲ್ಲಿ ಗವಾಯಿಗಳು ಒಂದೇ ಸಾಲನ್ನು ಮತ್ತೆ ಮತ್ತೆ ಹೇಳುವಾಗ ಬೇಸರಪಡದೆ, ಪ್ರತಿ ಸಲ ಯಾವ ಪದದ ಮೇಲೆ ಸ್ವರ ನಿಂತಿ��ೆಂಬುದನ್ನು ಗುರುತಿಸಬೇಕು. ಬಯಲಾಟದಲ್ಲಿ ಭಾಗವತನು ಎತ್ತಿಕೊಡುವ ಪದಕ್ಕೂ ಪಾತ್ರಧಾರಿಯ ಮಾತಿಗೂ ಇರುವ ಕೊಂಡಿಯನ್ನು ಹಿಡಿಯಬೇಕು. ಇಷ್ಟು ಅಭ್ಯಾಸವಾದರೆ ಸಾಕು, ಆನಂದ ತಾನಾಗಿ ಹಿಂಬಾಲಿಸುತ್ತದೆ. ಆನಂದಕ್ಕಾಗಿಯೇ ಇಷ್ಟೆಲ್ಲ ಹೇಳಿದ್ದು. ಕಲೆಯನ್ನು ಉಳಿಸಬೇಕೆಂಬ ಕರ್ತವ್ಯಬುದ್ಧಿಯಿಂದ ಮಾತ್ರ ಬಂದು ಕುಳಿತವನು ಹೆಚ್ಚು ದಿನ ಬರಲಾರ. ಸವಿ ಹತ್ತಿದವನು ಬೇಡವೆಂದರೂ ಬರುತ್ತಾನೆ.

ಸಿಂಧನೂರಿನಿಂದ ಮಸ್ಕಿಗೆ, ಮಸ್ಕಿಯಿಂದ ಲಿಂಗಸುಗೂರಿಗೆ ಒಂದೇ ಹೆದ್ದಾರಿ. ಆ ದಾರಿಯ ಎರಡೂ ಬದಿಗೆ ರಾತ್ರಿ ಊಟವಾದ ಮೇಲೆ ಪೇಟಿಯ ಮುಚ್ಚಳ ತೆಗೆಯುವ ಗುಡಿಗಳು ಇನ್ನೂ ಉಳಿದಿವೆ. ಅಲ್ಲಿ ಹಾಡುವವರಿಗೆ ಬೇಕಾದುದು ಸಿಂಹಾಸನವಲ್ಲ. ಕಂಬಳಿಯ ಮೇಲೆ ಎದುರಿಗೆ ಕುಳಿತು, ತಪ್ಪಿದಾಗ ತಲೆಯೆತ್ತುವ, ಒಪ್ಪಿದಾಗ ತಲೆದೂಗುವ ನಾಲ್ಕು ಮಂದಿ. ಆ ನಾಲ್ವರಲ್ಲಿ ಒಬ್ಬನು ಈ ಸಂಚಿಕೆಯನ್ನು ಓದಿದ ವಿದ್ಯಾರ್ಥಿಯಾಗಿರಲಿ ಎಂದು ಹಾರೈಸಿ ಈ ಬರೆಹವನ್ನು ಮುಗಿಸುತ್ತೇನೆ.